ಹಿಮದ ಸಲಿಕೆ, ಹೈದರಾಬಾದಿನ ಕೆಸರು

ಈಗಷ್ಟೇ ಬಿದ್ದ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ತೂಗುತ್ತದೆ. ನೆರೆ ಇಳಿದ ಮೇಲೆ ಮನೆಯೊಳಗೆ ಕೂತುಬಿಡುವ ಕೆಸರು ಅಷ್ಟೇ ಜಾಗದಲ್ಲಿ 1700 ಕಿಲೋ ಆಸುಪಾಸು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನಿಗೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಳ್ಳುವುದು ಏನೂ ಕಷ್ಟವಲ್ಲ. ನಾನು ಬರೆದುಕೊಳ್ಳಲಿಲ್ಲ. ಅದರಿಂದ ಒಬ್ಬ ಹುಡುಗನ ಪಕ್ಕೆಗೆ ಪೆಟ್ಟಾಯಿತು, ಮೊದಲೇ ಎಲ್ಲ ಕಳೆದುಕೊಂಡಿದ್ದ ಜನರ ಒಂದು ಇಡೀ ಬೆಳಗು ಹಾಳಾಯಿತು. ಆ ಕಥೆಯನ್ನು ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿ ಹೇಳಿರಲಿಲ್ಲ. ಕೈಸಲಕರಣೆ ಸುಧಾರಿಸಬೇಕೆಂದು ಹೊರಡುವ ಹುಡುಗರು ಈಗೀಗ ನನ್ನ ಶೆಡ್ಡಿಗೆ ಬಂದು ಸಲಹೆ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ತಂದೆ ರಾಯಚೂರಿನಿಂದ ಬಂದು ಕಾಚಿಗುಡಾದಲ್ಲಿ ನೆಲೆಸಿದವರು. ನಾನು ಬಾಲಾನಗರದಲ್ಲಿ ಒಂದು ಸಣ್ಣ ಶೀಟ್ ಮೆಟಲ್ ಶೆಡ್ ಇಟ್ಟುಕೊಂಡು ಬದುಕಿದವನು. ಡೈ, ಜಿಗ್, ಫಿಕ್ಸ್ಚರ್, ಪ್ಯಾನೆಲ್ ಬೋರ್ಡು ಇವೇ ನನ್ನ ಕೆಲಸ. ಸಲಿಕೆ, ಹಾರೆಗಳನ್ನು ಅಂಗಡಿಯಿಂದ ತರುತ್ತಿದ್ದೆನೇ ಹೊರತು ಅವುಗಳ ಬಗ್ಗೆ ಯೋಚಿಸಿದ್ದಿಲ್ಲ.

2020ರ ಅಕ್ಟೋಬರ್ 13ರ ಮಳೆಯನ್ನು ಕಂಡ ಹೈದರಾಬಾದಿನವರು ಮರೆಯಲಾರರು. 24 ಗಂಟೆಯಲ್ಲಿ ಸುಮಾರು 19 ಸೆಂ.ಮೀ. ಮಳೆ. ಅಕ್ಟೋಬರ್ ತಿಂಗಳಲ್ಲಿ ಅಂಥದ್ದು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಿದ್ದಿರಲಿಲ್ಲ. ಹಳೇ ಊರಿನ ದಕ್ಷಿಣದಲ್ಲಿ ಪಲ್ಲೆ ಚೆರುವು ಒಡೆದು ಅಲ್ ಜುಬೈಲ್ ಕಾಲನಿಗೆ ನುಗ್ಗಿತು. ಅದರ ನೀರು ಇಳಿಯುವ ಮೊದಲೇ, 17ರ ರಾತ್ರಿ, ಬಾಲಾಪುರದ ಗುರ್ರಂ ಚೆರುವಿನ ಕಟ್ಟೆ ಒಡೆದು ಹಾಫಿಜ್ ಬಾಬಾ ನಗರ ಮುಳುಗಿತು. ಕೋವಿಡ್ ಕಾಲ ಬೇರೆ. ಕೂಲಿಯವರಲ್ಲಿ ಎಷ್ಟೋ ಜನ ಊರಿಗೆ ಹೋಗಿ ಇನ್ನೂ ಮರಳಿರಲಿಲ್ಲ. ನೀರನ್ನೇನೋ ಪಂಪು ಹಾಕಿ ತೆಗೆಯಬಹುದು, ಕೆಸರನ್ನು ಕೈಯಿಂದಲೇ ತೆಗೆಯಬೇಕು.

ಆ ಕೆಸರು ಹೇಗಿತ್ತೆಂದು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನ್ನ ತಪ್ಪು ಇದ್ದದ್ದೇ ಅಲ್ಲಿ. ಮೇಲೆ ಗಂಜಿಯಂಥ ತೆಳುವಾದ ಪದರ, ಅದರಲ್ಲಿ ಒಳಚರಂಡಿಯ ನೀರು, ಡೀಸೆಲ್ ವಾಸನೆ. ಅದರ ಕೆಳಗೆ ಕೆರೆಯ ತಳದ ಜೇಡಿ, ಕಾಲಿಟ್ಟರೆ ಹಿಮ್ಮಡಿಯನ್ನು ಹಿಡಿದು ಬಿಡುವುದಿಲ್ಲ. ತೀರ ಕೆಳಗೆ, ನೆಲಕ್ಕೆ ಅಂಟಿಕೊಂಡಂತೆ, ಮೊರಂ ಮಣ್ಣಿನ ಮರಳು. ಈ ಮೂರರ ನಡುವೆ ಗಾಜಿನ ಚೂರು, ಸೀರೆ, ಅಕ್ಕಿ ಚೀಲ, ಮಕ್ಕಳ ಪುಸ್ತಕ. ನೆಲ ಬಹುಪಾಲು ಮನೆಗಳಲ್ಲಿ ಶಹಾಬಾದ್ ಕಲ್ಲಿನ ಫರ್ಸಿ. ನಮ್ಮ ಕಲಬುರಗಿ ಜಿಲ್ಲೆಯ ಆ ಬೂದು ಚಪ್ಪಡಿ ಹೈದರಾಬಾದಿನ ಹಳೆಯ ಮನೆಗಳಲ್ಲೆಲ್ಲ ಇದೆ. ಚಪ್ಪಡಿಗಳ ಸಂದಿನ ಸಿಮೆಂಟು ವರ್ಷಗಳಿಂದ ಸವೆದು, ಒಂದು ಚಪ್ಪಡಿ ಪಕ್ಕದ್ದಕ್ಕಿಂತ ಕಾಳಿನಷ್ಟು ಎತ್ತರ ಎದ್ದಿರುತ್ತದೆ. ಬರಿಗಾಲಿಗೆ ಮಾತ್ರ ಗೊತ್ತಾಗುವಂಥ ಏರುಪೇರು.

ಮನೆಮನೆಯಲ್ಲೂ ಜನ ಬಾಗಿ ಕೆಲಸ ಮಾಡುತ್ತಿದ್ದರು. ಗುದ್ದಲಿಯಂಥ, ಗಿಡ್ಡ ಕಾವಿನ ಪಾರದಿಂದ ಕಾಲಿನ ಕಡೆಗೆ ಕೆಸರು ಎಳೆಯುವುದು, ನೆಲದ ಮೇಲಿಟ್ಟ ಬಾಂಡ್ಲಿಗೆ ತುಂಬುವುದು, ಇಬ್ಬರು ಹಿಡಿದೆತ್ತಿ ಒಬ್ಬರ ತಲೆಗೆ ಹೊರಿಸುವುದು. ಇಡೀ ದಿನ ಸೊಂಟ ನೆಟ್ಟಗಾಗುವುದೇ ಇಲ್ಲ. ನೋಡಿ ನನಗೆ ಸಂಕಟವಾಯಿತು. ಆ ಸಂಕಟ ನಿಜವಾದದ್ದು, ಅದನ್ನು ಇವತ್ತಿಗೂ ನಾನು ತಪ್ಪೆನ್ನುವುದಿಲ್ಲ. ಅದರ ಬೆನ್ನಿಗೇ ಉತ್ತರವೂ ಹೊಳೆದುಬಿಟ್ಟಿತು, ಕೆಡುಕಾದದ್ದು ಅಲ್ಲಿ.

ನನ್ನ ತಮ್ಮ ಮಿಷಿಗನ್ನಿನಲ್ಲಿದ್ದಾನೆ. ಚಳಿಗಾಲದ ಬೆಳಿಗ್ಗೆ ಅವನು ಮನೆ ಮುಂದಿನ ಹಿಮ ಸರಿಸುವುದನ್ನು ವಿಡಿಯೊ ಕರೆಯಲ್ಲಿ ಎಷ್ಟೋ ಸಲ ನೋಡಿದ್ದೆ. ಅಗಲವಾದ, ಒಳಕ್ಕೆ ಬಾಗಿದ ಅಲಗು. ಕಾವು ನಡುವೆ ಡೊಂಕಾಗಿ ಮೇಲೆದ್ದು ಹೊಟ್ಟೆಯ ಮಟ್ಟಕ್ಕೆ ಬರುತ್ತದೆ. ತುದಿಯಲ್ಲಿ ಡಿ ಅಕ್ಷರದ ಹಿಡಿ. ಬೆನ್ನು ನೆಟ್ಟಗಿಟ್ಟುಕೊಂಡು ನಡೆದರೆ ಸಾಕು, ಹಿಮ ಪಕ್ಕಕ್ಕೆ ಸರಿಯುತ್ತ ಹೋಗುತ್ತದೆ. ಚಳಿ ದೇಶಗಳಲ್ಲಿ ಹಿಮ ತೆಗೆಯುವಾಗ ಬೆನ್ನು ಹಿಡಿದುಕೊಳ್ಳುವವರು, ಎದೆನೋವು ಬಂದು ಬೀಳುವವರು ಬಹಳ. ಅದಕ್ಕೇ ಅಲ್ಲಿ ಈ ಸಲಿಕೆಯ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಡೊಂಕು ಕಾವಿನಿಂದ ಸೊಂಟ ಬಾಗುವುದು ಕಡಿಮೆಯಾಗುತ್ತದೆ ಎಂಬುದನ್ನು ಅಳೆದು ತೋರಿಸಿದ್ದಾರೆ. ಇದಕ್ಕಿಂತ ಒಳ್ಳೆಯ ಮಾದರಿ ಇನ್ನೇನು ಬೇಕು ಎಂದುಕೊಂಡೆ. ತಮ್ಮನಿಗೆ ಫೋನು ಮಾಡಿ, ಟೇಪು ಹಿಡಿದು ಅಳತೆ ಕೊಡು ಎಂದೆ. ಅವನು ಕೊಟ್ಟ.

ಬ್ಲೇಡಿಗೆ 16 ಗೇಜಿನ ಜಿಐ ಶೀಟು, 65 ಸೆಂ.ಮೀ. ಅಗಲ. ಕಾವಿಗೆ ಒಂದಿಂಚಿನ ಉಕ್ಕಿನ ಕೊಳವೆ, ಬೆಂಡಿಂಗ್ ಮಷೀನಿನಲ್ಲಿ ಬಗ್ಗಿಸಿ ವೆಲ್ಡ್ ಮಾಡಿದ್ದು. ತಮ್ಮನ ಸಲಿಕೆಯದು ಪ್ಲಾಸ್ಟಿಕ್ ಅಲಗು, ಅಲ್ಯೂಮಿನಿಯಂ ಕಾವು. ನನ್ನದು ಗಟ್ಟಿ ಇರಲಿ ಎಂದು ಉಕ್ಕು. ತೂಕ ನಾಲ್ಕೂವರೆ ಕಿಲೋಗೆ ಬಂತು. ಬಣ್ಣ ಹೊಡೆಸಿದೆ. ಆಟೋ ಟ್ರಾಲಿಯಲ್ಲಿ ತುಂಬಿಸಿಕೊಂಡು ಹಳೇ ಊರಿಗೆ ಹೊರಟಾಗ ನನ್ನ ಮನಸ್ಸಿನಲ್ಲಿ ಒಂದು ಸಂಶಯವೂ ಇರಲಿಲ್ಲ.

ಮೊದಲ ಮನೆಯ ಹೊಸ್ತಿಲಲ್ಲೇ ತೊಂದರೆ ಶುರುವಾಯಿತು. ಹಿಮದ ಸಲಿಕೆ ಕಾರು ನಿಲ್ಲಿಸುವ ಅಂಗಳದಲ್ಲಿ ನಡೆಯುವಂಥದ್ದು. ಇಲ್ಲಿ ಕೋಣೆ ಎಂಟಡಿ ಹತ್ತಡಿ, ಮಂಚ, ಬೀರು, ಬಾಗಿಲಿಗೆ ಎತ್ತರದ ಹೊಸ್ತಿಲು. 65 ಸೆಂ.ಮೀ. ಅಲಗು ನಡುಮನೆಯ ಓಣಿಯಲ್ಲಿ ತಿರುಗಲಿಲ್ಲ. ತಿರುಗಿದ ಕಡೆ, ಒಂದೆರಡು ಹೆಜ್ಜೆ ತಳ್ಳುವಷ್ಟರಲ್ಲಿ ಮುಂದೆ ಕೆಸರು ಗುಡ್ಡೆಯಾಗಿ ನಿಂತುಬಿಡುತ್ತಿತ್ತು. ಎತ್ತಿದರೆ ಅಲಗಿನ ತುಂಬ ಹನ್ನೆರಡು ಲೀಟರಿನಷ್ಟು. ತಮ್ಮನ ಅಂಗಳದಲ್ಲಿ ಆ ಹನ್ನೆರಡು ಲೀಟರ್ ಹಿಮ ಒಂದು ಕಿಲೋ ಆಸುಪಾಸು. ಇಲ್ಲಿ ಇಪ್ಪತ್ತು ಕಿಲೋ, ಅದರ ಮೇಲೆ ಸಲಿಕೆಯ ತೂಕ, ಅದೂ ಮುಂದಿನ ಕೈಯಿಂದ ಎರಡಡಿ ಆಚೆ ತೂಗುವ ಭಾರ. ಹೇಗೋ ಎತ್ತಿ ಮಗುಚಿದರೆ ಅರ್ಧ ಕೆಸರು ಅಲಗಿಗೇ ಅಂಟಿಕೊಂಡಿರುತ್ತಿತ್ತು. ನಯವಾದ ದೊಡ್ಡ ತಗಡಿನ ಮೇಲೆ ಜೇಡಿ ಕೂತರೆ ಅದರಡಿಗೆ ಗಾಳಿ ಹೋಗುವುದಿಲ್ಲ, ಅದು ಕಳಚುವುದಿಲ್ಲ. ಕಾಲಿನಿಂದ ಒದ್ದು ಬೀಳಿಸಬೇಕಾಯಿತು.

ಪೆಟ್ಟಾದದ್ದು ಎರಡನೇ ಮನೆಯಲ್ಲಿ. ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ, ಹುರುಪಿನವನು, ಜೋರಾಗಿ ತಳ್ಳಿಕೊಂಡು ಓಡಿದ. ಕೆಸರಿನಡಿ ಕಾಣದ ಫರ್ಸಿಯ ಸಂದಿಗೆ ಅಲಗಿನ ಅಂಚು ಸಿಕ್ಕಿತು. ಸಲಿಕೆ ನಿಂತಿತು, ಹುಡುಗ ನಿಲ್ಲಲಿಲ್ಲ. ಆ ಡಿ ಹಿಡಿ ಅವನ ಪಕ್ಕೆಗೆ ಬಡಿಯಿತು. ಗೋಡೆಗೆ ಒರಗಿ ಕೂತು ಸ್ವಲ್ಪ ಹೊತ್ತು ಉಸಿರಿಗಾಗಿ ಬಾಯಿ ಬಿಟ್ಟ. ಎಲುಬು ಮುರಿದಿರಲಿಲ್ಲ, ಆದರೆ ಬಹಳ ದಿನ ಅವನು ಕೂಲಿಗೆ ಹೋಗಲಾಗಲಿಲ್ಲ. ಆ ದಿನಗಳ ಕೂಲಿ ನಾನು ಕೊಟ್ಟೆ. ಕೊಟ್ಟೆನೆಂದು ಮನಸ್ಸು ಹಗುರಾಗಲಿಲ್ಲ. ಆ ಮನೆಯ ಹಿರಿಯರು, ಗಡ್ಡ ನೆರೆತವರು, ನನ್ನ ಭುಜ ಮುಟ್ಟಿ ಮೆಲ್ಲಗೆ, "ಯೇ ನಕ್ಕೋ ಬೇಟಾ, ಹಮಾರಾ ಪಾವ್ಡಾಚ್ ದೇ ದೋ" ಎಂದರು, ಇದು ಬೇಡಪ್ಪ, ನಮ್ಮ ಪಾರವನ್ನೇ ಕೊಡು ಎಂದು. ಅವರ ಮನೆಯ ಹಳೆಯ ಪಾರವನ್ನು ನಾನೇ ಮೂಲೆಗೆ ಸರಿಸಿಟ್ಟಿದ್ದೆ.

ಅಲ್ಲಿ ಕೆಸರು ಹೊರುತ್ತಿದ್ದ ಕೂಲಿಗಳ ಗುಂಪಿನಲ್ಲಿ ಮಕ್ತಲ್ ಕಡೆಯ ಒಬ್ಬ ಹೆಂಗಸಿದ್ದಳು. ಮಕ್ತಲ್ ಇರುವ ಪಾಲಮೂರು ಸೀಮೆಯ ಕೂಲಿಗಳೆಂದರೆ ದೇಶದ ಎಷ್ಟೋ ಅಣೆಕಟ್ಟು, ಕಾಲುವೆಗಳ ಮಣ್ಣು ಹೊತ್ತವರು. ಮಕ್ತಲ್, ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಮನೆಮಾತಾದವರು ಬಹಳ ಇದ್ದಾರೆ, ನದಿ ದಾಟಿದರೆ ರಾಯಚೂರು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಅವಳು ಹತ್ತಿರ ಬಂದಳು. ನನ್ನ ಸಲಿಕೆಯನ್ನು ತಿರುಗಿಸಿ ನೋಡಿ, "ತಳ್ಳಾಕ ಚೊಲೋ ಐತ್ರಿ ಅಣ್ಣಾ. ಖರೆ, ತಳ್ಳೂದು ಎಲ್ಲಿಗ್ರಿ?" ಅಂದಳು.

ಎಲ್ಲಿಗೆ? ಹಿಮವನ್ನು ಪಕ್ಕಕ್ಕೆ ತಳ್ಳಿದರೆ ಕೆಲಸ ಮುಗಿಯಿತು. ಬಿಸಿಲು ಬಂದಾಗ ಅದು ತಾನೇ ಹೋಗುತ್ತದೆ. ಕೆಸರು ಹೋಗುವುದಿಲ್ಲ, ಒಣಗಿ ಇಟ್ಟಿಗೆಯಾಗುತ್ತದೆ. ಬಾಗಿಲಾಚೆ ತಳ್ಳಿದರೆ ಗಲ್ಲಿ ಮುಚ್ಚುತ್ತದೆ, ಗಲ್ಲಿಯಿಂದ ಮೋರಿಗೆ ತಳ್ಳಿದರೆ ಮುಂದಿನ ಮಳೆಗೆ ಮತ್ತೆ ಅದೇ ಮನೆಗೆ ಬರುತ್ತದೆ. ಅದನ್ನು ಎತ್ತಬೇಕು, ಹೊರಬೇಕು, ಟ್ರಾಲಿಗೆ ಹಾಕಬೇಕು, ಊರಾಚೆ ಸಾಗಿಸಬೇಕು. ಟ್ರಾಲಿಯ ಅಂಚು ಎದೆಮಟ್ಟ. ಡೊಂಕು ಕಾವಿನ ಸಲಿಕೆಯಲ್ಲಿ ಅಲಗು ಕೈಗಿಂತ ಬಹಳ ಕೆಳಗೆ ತೂಗುತ್ತದೆ. ಎದೆಮಟ್ಟಕ್ಕೆ ಅಲಗು ಏರಬೇಕಾದರೆ ಕೈ ತಲೆ ದಾಟಬೇಕು. ಕೆಸರಿನ ಕೆಲಸದ ಮೊದಲ ಕಾಲು ಭಾಗಕ್ಕೆ ಮಾತ್ರ ನಾನು ಸಲಕರಣೆ ಮಾಡಿದ್ದೆ, ಅದೂ ಬೇರೆ ಪದಾರ್ಥದ ಅಳತೆಯಲ್ಲಿ.

ನನ್ನ ಸಲಿಕೆಗಳನ್ನು ವಾಪಸು ತಂದೆ. ತಮ್ಮನಿಗೆ ಹೇಳಿದಾಗ ಅವನು ಸುಮ್ಮನಿದ್ದು, ಆಮೇಲೆ ಹೇಳಿದ: "ಅಣ್ಣಾ, ಮಾರ್ಚಿನಲ್ಲಿ ಬೀಳೋ ಒದ್ದೆ ಹಿಮಕ್ಕೆ ನಾವೂ ಇದನ್ನ ಕಾಲು ಭಾಗಾನೇ ತುಂಬಿಸೋದು. ನೀನು ಕೇಳಿದ್ದು ಅಳತೆ, ನಾನು ಅಳತೆ ಕೊಟ್ಟೆ." ಅವನು ಹೇಳಿದ್ದು ಸರಿ. ಹೇಗೆ ಬಳಸುತ್ತೀಯ, ಯಾವಾಗ ಇದು ಸೋಲುತ್ತದೆ ಎಂದು ನಾನು ಕೇಳಿರಲೇ ಇಲ್ಲ.

ಆಮೇಲೆ ಓದಲು ಕೂತೆ, ಮೊದಲೇ ಓದಬೇಕಾಗಿದ್ದನ್ನು. ಸಲಿಕೆಯ ಬಗ್ಗೆ ಮೊದಲು ಗಂಭೀರವಾಗಿ ಅಳತೆ ಮಾಡಿದವರಲ್ಲಿ ಅಮೆರಿಕದ ಫ್ರೆಡರಿಕ್ ಟೇಲರ್ ಒಬ್ಬ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿಗಳು ಒಂದೇ ಸಲಿಕೆಯಿಂದ ಹಗುರವಾದ ಕಲ್ಲಿದ್ದಲ ನುಚ್ಚನ್ನೂ ಎತ್ತುತ್ತಿದ್ದರು, ಕಬ್ಬಿಣದ ಅದಿರನ್ನೂ ಎತ್ತುತ್ತಿದ್ದರು. ನುಚ್ಚಿಗೆ ಒಂದು ಸಲಕ್ಕೆ ಮೂರೂವರೆ ಪೌಂಡ್, ಅದಿರಿಗೆ 38 ಪೌಂಡ್. ಟೇಲರ್ ಅಳೆದೂ ಅಳೆದೂ ಒಂದು ಸಲಕ್ಕೆ 21 ಪೌಂಡ್, ಅಂದರೆ ಒಂಬತ್ತೂವರೆ ಕಿಲೋ, ಇದ್ದರೆ ದಿನದ ಕೆಲಸ ಅತಿ ಹೆಚ್ಚು ಸಾಗುತ್ತದೆ ಎಂದು ಕಂಡುಕೊಂಡ. ಅದಿರಿಗೆ ಸಣ್ಣದು, ಬೂದಿಗೆ ದೊಡ್ಡದು ಎಂದು ಪದಾರ್ಥಕ್ಕೊಂದು ಸಲಿಕೆ ಮಾಡಿಸಿದ. 1911ರ ಅವನ ಪುಸ್ತಕದಲ್ಲಿ ಇದೆಲ್ಲ ಇದೆ. ಪದಾರ್ಥಕ್ಕೆ ತಕ್ಕ ಅಲಗು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆ ಒಂಬತ್ತೂವರೆ ಕಿಲೋವನ್ನು ಒಪ್ಪುವುದಿಲ್ಲ. ಅವನು ಆರಿಸಿಕೊಂಡದ್ದು ಗಟ್ಟಿಮುಟ್ಟಾದ ಗಂಡಾಳುಗಳನ್ನು, ನೋಡಿದ್ದು ಕಾರ್ಖಾನೆಗೆ ಎಷ್ಟು ಟನ್ ಸಾಗಿತು ಎಂಬುದನ್ನು. ನಮ್ಮಲ್ಲಿ ಕೆಸರು ಹೊರುವವರಲ್ಲಿ ಬಹುಪಾಲು ಹೆಂಗಸರು. ಭೋಪಾಲಿನ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ಕೃಷಿ ಕಾರ್ಮಿಕರ ಮೈಯಳತೆಗಳನ್ನು ದೇಶಾದ್ಯಂತ ಕಲೆಹಾಕಿದ್ದಾರೆ. ಹೆಂಗಸರ ಸರಾಸರಿ ಎತ್ತರ ಸುಮಾರು 151 ಸೆಂ.ಮೀ. ನನ್ನ ಸಲಿಕೆಯ ಡೊಂಕು ಆರಡಿ ಎತ್ತರದ ನನ್ನ ತಮ್ಮನ ಹೊಟ್ಟೆಯ ಮಟ್ಟಕ್ಕೆ ಸರಿಹೋಗುವಂಥದ್ದು. ಮಕ್ತಲ್‌ನ ಅಕ್ಕನಿಗೆ ಅದೇ ಹಿಡಿ ಎದೆಗೂಡಿಗೆ ಬರುತ್ತಿತ್ತು.

ಇದೇ ಹೊತ್ತಿಗೆ ವಿಶ್ವೇಶ್ವರಯ್ಯನವರು ಹೈದರಾಬಾದಿನಲ್ಲಿ ಮಾಡಿದ ಕೆಲಸದ ಬಗ್ಗೆಯೂ ಓದಿದೆ. 1908ರ ಸೆಪ್ಟೆಂಬರ್ 28ರ ಮೂಸಿ ನೆರೆಯಲ್ಲಿ ಅಂದಾಜು 15,000 ಜನ ಸತ್ತರು. ಮರುವರ್ಷ ನಿಜಾಮ್ ಸರ್ಕಾರದ ಕರೆಗೆ ಬಂದ ಅವರು ಮೊದಲು ಕೇಳಿದ್ದು ನೀರು ಬಂದದ್ದು ಹೇಗೆ ಎಂದು. ಮಳೆಯ ಲೆಕ್ಕ ತರಿಸಿದರು, ಮೇಲಿನ ಜಲಾನಯನದ ಕೆರೆಗಳನ್ನು ಎಣಿಸಿದರು. 788 ಕೆರೆಗಳಲ್ಲಿ 221 ಒಡೆದಿದ್ದವು. ನಗರದ ಮೇಲೆ ಬಂದದ್ದು ಬರೀ ಆ ರಾತ್ರಿಯ ಮಳೆಯಲ್ಲ, ಒಂದರ ಮೇಲೊಂದು ಒಡೆದ ಕೆರೆಗಳ ನೀರೂ ಹೌದು. 1920ರಲ್ಲಿ ಮುಗಿದ ಉಸ್ಮಾನ್ ಸಾಗರ, 1927ರಲ್ಲಿ ಮುಗಿದ ಹಿಮಾಯತ್ ಸಾಗರ ಆ ಎಣಿಕೆಯಿಂದ ಹುಟ್ಟಿದವು. ಅಷ್ಟು ದೊಡ್ಡ ಕೆಲಸದ ಪಕ್ಕಕ್ಕೆ ಒಂದು ಸಲಿಕೆಯನ್ನಿಟ್ಟು ಮಾತಾಡಲು ಸಂಕೋಚವಾಗುತ್ತದೆ. ಆದರೂ 2020ರಲ್ಲಿ ಮತ್ತೆ ಒಡೆದದ್ದು ಕೆರೆಗಳೇ. ಕೆಸರಿನ ಜೇಡಿ ಬಂದದ್ದು ಕೆರೆಯ ತಳದಿಂದ, ಮರಳು ಬಂದದ್ದು ಅದರ ಕಟ್ಟೆಯಿಂದ. ಅಷ್ಟು ತಿಳಿದುಕೊಂಡಿದ್ದರೆ ನನ್ನ ಕೈಗೆ ಬರುವ ಪದಾರ್ಥ ಯಾವುದೆಂದು ಮೊದಲ ದಿನವೇ ಗೊತ್ತಾಗುತ್ತಿತ್ತು.

ಮತ್ತೆ ಹೋದೆ, ಈ ಸಲ ಬರಿಗೈಯಲ್ಲಿ. ಆ ಅಕ್ಕನ ಗುಂಪಿನ ಜೊತೆ ಕೆಸರು ಎಳೆದೆ, ಬಾಂಡ್ಲಿ ತುಂಬಿದೆ. ಬಾಗಿ ನೋಡಿದಾಗ ಮಾತ್ರ ಕಂಡ ಸಂಗತಿಗಳಿವೆ. ಪಾರದ ಅಲಗು ಕಿರಿದು, ಒಂದು ಎಳೆತಕ್ಕೆ ನಾಲ್ಕೈದು ಕಿಲೋ ಮೀರಿ ಬರುವುದಿಲ್ಲ. ಕೆಸರು ಮೊಣಕಾಲಿನ ಮೇಲೆ ಏಳುವುದೇ ಇಲ್ಲ, ನೆಲದ ಮೇಲೇ ಬಾಂಡ್ಲಿಗೆ ಬೀಳುತ್ತದೆ. ಎತ್ತುವ ಭಾರವನ್ನು ಯಾವಾಗಲೂ ಇಬ್ಬರು ಹಂಚಿಕೊಳ್ಳುತ್ತಾರೆ. ಅಲಗು ಎಲ್ಲಿ ಸಿಕ್ಕಿಕೊಂಡಿತೆಂದು ಗಿಡ್ಡ ಕಾವು ಕೈಗೆ ತಕ್ಷಣ ಹೇಳುತ್ತದೆ, ಗಾಜಿನ ಚೂರು ಬಂದರೂ ಹೇಳುತ್ತದೆ. ಕಾವು ಮುರಿದರೆ ಬೇಗಂ ಬಜಾರಿನಲ್ಲಿ ಬೇರೆ ಕಾವು ತಂದು ಸಿಕ್ಕಿಸುತ್ತಾರೆ. ನನ್ನದು ವೆಲ್ಡ್ ಮಾಡಿದ್ದು, ಬಾಗಿದರೆ ಗುಜರಿಗೆ. ನಾನು ಕಿತ್ತುಕೊಳ್ಳಲು ಹೊರಟಿದ್ದು ಇಷ್ಟನ್ನೂ.

ಹಾಗೆಂದು ಹಳೆಯದೇ ಸರಿ ಎಂದು ಹೇಳಲಾರೆ. ಹಾಗೆ ಹೇಳುವವರು ಸಂಜೆಯವರೆಗೆ ಬಾಗಿದವರಲ್ಲ. "ಮುಂಜಾನಿ ಎದ್ರ ನಡ ನನ್ನ ಮಾತ ಕೇಳಂಗಿಲ್ರಿ, ಗ್ವಾಡಿ ಹಿಡಕೊಂಡು ನಿಲ್ಲಬೇಕ್ರಿ" ಎಂದು ಅಕ್ಕ ಹೇಳುತ್ತಿದ್ದಳು. ಅವಳ ವಯಸ್ಸು ಐವತ್ತು ದಾಟಿರಲಿಕ್ಕಿಲ್ಲ. ಸೊಂಟದ ನೋವು ಕಳೆಯಬೇಕು ಎಂಬ ನನ್ನ ಆಸೆ ಮೊದಲಿನಷ್ಟೇ ಗಟ್ಟಿಯಾಗಿತ್ತು. ಅದನ್ನು ಯಾರ ಕೈಯ ಕಸುಬು ಕೆಡಿಸದೆ ಮಾಡಬೇಕಿತ್ತು.

ದಾರಿ ತೋರಿಸಿದವಳೂ ಅವಳೇ. ಊರಲ್ಲಿ ಕಣದ ಜೋಳ ಗುಡ್ಡೆ ಮಾಡಲು ಹಲಗೆಗೆ ಹಗ್ಗ ಕಟ್ಟಿ ಒಬ್ಬರು ಮುಂದೆ ಎಳೆಯುತ್ತಾರೆ, ಒಬ್ಬರು ಹಿಂದೆ ಕೋಲು ಹಿಡಿದು ಒತ್ತುತ್ತಾರೆ ಎಂದಳು. ಅಲ್ಲೇ ಬಿದ್ದಿದ್ದ ಬೀರುವಿನ ಬಾಗಿಲ ಹಲಗೆಗೆ ಸೀರೆಯ ತುಂಡು ಕಟ್ಟಿ ಮಾಡಿಯೂ ತೋರಿಸಿದಳು. ಗಂಜಿಯಂಥ ಮೇಲಿನ ಪದರ ಇಡಿಯಾಗಿ ಜಾರಿ ಬಾಗಿಲವರೆಗೆ ಬಂತು. ಇಬ್ಬರೂ ನೆಟ್ಟಗೆ ನಿಂತೇ ಇದ್ದರು.

ಶೆಡ್ಡಿನಲ್ಲಿ ಅದನ್ನೇ ಕಟ್ಟಿದೆ. ಎರಡಡಿ ಉದ್ದ, ಒಂದು ಗೇಣು ಎತ್ತರದ ದಪ್ಪ ಪ್ಲೈವುಡ್. ಕೆಳ ಅಂಚಿಗೆ ಹಳೆಯ ಕನ್ವೇಯರ್ ಬೆಲ್ಟಿನ ಪಟ್ಟಿ, ಹಲಗೆಯಿಂದ ಎರಡು ಬೆರಳು ಕೆಳಗಿಳಿಯುವಂತೆ ಬೋಲ್ಟ್ ಹಾಕಿದ್ದು. ಫರ್ಸಿಯ ಸಂದು ಬಂದರೆ ರಬ್ಬರು ಬಾಗಿ ದಾಟುತ್ತದೆ, ಹಿಡಿದವರ ಹೊಟ್ಟೆಗೆ ಏಟು ಬರುವುದಿಲ್ಲ. ಕಾವು ಬಿದಿರಿನದು, ತುದಿಗೆ ಡಿ ಹಿಡಿ ಇಲ್ಲ, ಬರಿಯ ಗಳ. ಗಳವನ್ನು ಮುಂದಕ್ಕೆ ವಾಲಿಸಿದರೆ ಹಲಗೆ ಕೆಸರಿನ ಮೇಲೆ ಜಾರುತ್ತದೆ, ಹಿಂದಕ್ಕೆ ಎಳೆದರೆ ಕಚ್ಚುತ್ತದೆ. ಎಷ್ಟು ಕಚ್ಚಬೇಕೆಂದು ಹಿಂದಿನವರ ಕೈ ನಿರ್ಧರಿಸುತ್ತದೆ, ಮುಂದಿನವರು ಹಗ್ಗವನ್ನು ಹೆಗಲಿಗೆ ಹಾಕಿ ನಡೆಯುತ್ತಾರೆ. ಹಗ್ಗ ಅಂಗೈ ಕೊಯ್ಯದಂತೆ ಹಳೆಯ ಅಗ್ನಿಶಾಮಕ ಪೈಪಿನ ಕ್ಯಾನ್ವಾಸು ಸುತ್ತಿದೆ. ಬಿಗಿಯಾದ ಜೇಡಿಗೆ ಇದು ಉಪಯೋಗವಿಲ್ಲ, ಅದಕ್ಕೆ ಪಾರವೇ ಬೇಕು. ಪಾರಕ್ಕೆ ನಾನು ಮಾಡಿದ್ದು ಎರಡೇ ಬದಲಾವಣೆ. ಅಲಗಿನಲ್ಲಿ ಹೆಬ್ಬೆರಳು ಹೋಗದಷ್ಟು ಸಣ್ಣ ತೂತು ಕೊರೆದೆ, ನೀರು ಸೋರುತ್ತದೆ, ಗಾಳಿ ಹೋಗಿ ಜೇಡಿ ಕಳಚುತ್ತದೆ. ತೆರೆದ ಮೋರಿಯ ದಂಡೆಯ ಮೇಲೆ ನಿಂತು ಹೂಳು ಎಳೆಯುವವರಿಗಾಗಿ ಕಾವನ್ನು ಉದ್ದ ಮಾಡಿದೆ, ನೇರವಾಗಿಯೇ. ಮುಂಗಾರಿಗೆ ಮೊದಲು ನಾಲೆಗಳ ಹೂಳು ತೆಗೆಯುವಾಗ ಒಂದೆರಡು ಗುಂಪಿನವರು ಈ ಉದ್ದ ಕಾವಿನ ಪಾರವನ್ನು ಈಗ ಕೇಳಿ ಒಯ್ಯುತ್ತಾರೆ. ಕಾವು ಎಲ್ಲಿ ಕತ್ತರಿಸಬೇಕೆಂದು ಅವರೇ ಗುರುತು ಹಾಕುತ್ತಾರೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಮ್ಯಾನ್‌ಹೋಲಿಗೆ ಇಳಿಯುವವರಿಗೆ ಒಳ್ಳೆಯ ಸಲಿಕೆ ಮಾಡಿಕೊಡಿ ಎಂದು ಗುತ್ತಿಗೆದಾರರು ಕೇಳಿದ್ದಾರೆ. ನಾನು ಮಾಡುವುದಿಲ್ಲ. ರಕ್ಷಣೆಯ ಸಲಕರಣೆ ಇಲ್ಲದೆ ಮನುಷ್ಯರನ್ನು ಒಳಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಅಲ್ಲಿ ಸುಧಾರಿಸಬೇಕಾದ ಕೈಸಲಕರಣೆ ಯಾವುದೂ ಇಲ್ಲ, ಯಂತ್ರವನ್ನೇ ಇಳಿಸಬೇಕು.

ಟ್ರಾಲಿಗೆ ಎತ್ತುವ ಕೆಲಸ ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಇಳಿಜಾರು ಹಲಗೆ ಹಾಕಿ ಬಾಂಡ್ಲಿಯನ್ನು ಎಳೆದು ನೋಡಿದೆವು. ಕೆಸರಿಗೆ ಹಲಗೆ ಜಾರುತ್ತದೆ, ಅಡ್ಡಪಟ್ಟಿ ಹೊಡೆದರೆ ಬಾಂಡ್ಲಿ ಸಿಕ್ಕಿಕೊಳ್ಳುತ್ತದೆ. ಬಾವಿಯ ರಾಟೆ ಹಾಕಿದರೆ ಗಲ್ಲಿಯಲ್ಲಿ ಅದಕ್ಕೆ ಕಂಬ ನಿಲ್ಲಿಸುವ ಜಾಗವಿಲ್ಲ. ಬಾಂಡ್ಲಿ ಏರಿಸುವುದನ್ನು ಬಿಟ್ಟು ಟ್ರಾಲಿಯ ಹಿಂಬಾಗಿಲನ್ನೇ ನೆಲದವರೆಗೆ ಇಳಿಸಲಾಗದೇ ಎಂದು ಅಕ್ಕ ಹೋದ ಬೇಸಿಗೆಯಲ್ಲಿ ಕೇಳಿದಳು. ಈಗ ಅದರ ಅಳತೆ ತೆಗೆದುಕೊಳ್ಳುತ್ತಿದ್ದೇನೆ, ಟ್ರಾಲಿ ಓಡಿಸುವವನನ್ನೂ ಜೊತೆಗೆ ನಿಲ್ಲಿಸಿಕೊಂಡು.